ವಿಜ್ಞಾನಮೇಳದಲ್ಲಿ ಮನಶ್ಶಾಸ್ತ್ರ

ಶಾಲಾ ವಿದ್ಯಾರ್ಥಿಗಳಿಗಾಗಿ 1950ರಲ್ಲಿ ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಆರಂಭವಾದ ವಿಜ್ಞಾನಮೇಳವು 1958ರಿಂದ ಅನ್ಯದೇಶಗಳ ಮಕ್ಕಳನ್ನೂ ಬರಮಾಡಿಕೊಂಡು ಅಂತರರಾಷ್ಟ್ರೀಯ ಸ್ವರೂಪವನ್ನು ತಳೆಯಿತು. ಯಂತ್ರ, ರಸಾಯನ, ಸಸ್ಯ, ಗಣಿತಗಳ ನಡುವೆ ಅಲ್ಲಿ ಮಾನವವರ್ತನೆಯ ಅಧ್ಯಯನಕ್ಕೂ ಒಂದು ವಿಭಾಗವುಂಟು. ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘವು ಅದಕ್ಕೆ ಪ್ರತ್ಯೇಕ ಬಹುಮಾನಗಳನ್ನೂ ಕೊಡುತ್ತ ಬಂದಿದೆ. ಹದಿನಾರರ ಹರೆಯದವರು ಮನಸ್ಸಿನ ವ್ಯಾಪಾರವನ್ನು ಅಳೆಯಹೊರಡುವುದು ಎಷ್ಟರಮಟ್ಟಿಗೆ ಶಾಸ್ತ್ರವೆನಿಸೀತು ಎಂಬುದೇ ಇಲ್ಲಿಯ ಪ್ರಶ್ನೆ.

ಮೊದಲು ಮೆಚ್ಚತಕ್ಕ ಅಂಶ. ಮನುಷ್ಯರ ಮೇಲೆ ನಡೆಸುವ ಪ್ರಯೋಗವನ್ನು ಆರಂಭಕ್ಕೆ ಮುಂಚೆಯೇ ಒಂದು ಸಮಿತಿಯು ಪರಿಶೀಲಿಸಬೇಕೆಂದು ಮೇಳದ ನಿಯಮವಿದೆ. ಅದರಲ್ಲಿ ಒಬ್ಬ ಅಧ್ಯಾಪಕ, ಒಬ್ಬ ಶಾಲಾಡಳಿತಗಾರ, ಒಬ್ಬ ವೈದ್ಯ ಅಥವಾ ಮಾನಸಿಕ ಆರೋಗ್ಯದ ತಜ್ಞ ಇರಬೇಕು. ವಿದ್ಯಾರ್ಥಿಗೆ ಮಾರ್ಗದರ್ಶನ ಮಾಡಿದವರೂ ಅವನ ತಂದೆತಾಯಿಗಳೂ ಅದರಲ್ಲಿ ಕೂಡಬಾರದು. ಯೇಲ್ ವಿಶ್ವವಿದ್ಯಾನಿಲಯದ ಮಿಲ್‌ಗ್ರಾಮ್ 1961ರಲ್ಲಿ ತನ್ನ ಪ್ರಸಿದ್ಧ ಪ್ರಯೋಗಗಳನ್ನು ಕೈಗೊಂಡಾಗ, ಅವು ಸ್ಮರಣಶಕ್ತಿಯ ಪರೀಕ್ಷೆಯೆಂದು ಬಂದವರನ್ನು ನಂಬಿಸಿದ. ಅವನು 1963ರಲ್ಲಿ ಪ್ರಕಟಿಸಿದ ವರದಿಯಂತೆ 40 ಮಂದಿಯಲ್ಲಿ 26 ಮಂದಿ, ಪರರಿಗೆ 450 ವೋಲ್ಟಿನ ಆಘಾತ ಕೊಡುತ್ತಿದ್ದೇವೆಂದೇ ಭಾವಿಸಿ, ಕೊನೆಯ ಗುಂಡಿಯವರೆಗೂ ಒತ್ತಿದರು. ಅಂದಿನ ಪ್ರೌಢ ವಿದ್ವಾಂಸನಿಗಿಲ್ಲದ ಕಟ್ಟುಪಾಡು ಇಂದಿನ ಬಾಲಕನಿಗಿದೆ. ಇದೇನೂ ಅಲ್ಪ ಲಾಭವಲ್ಲ.

ಆದರೆ ಮೇಳದ ಸ್ವಭಾವವೂ ಈ ಶಾಸ್ತ್ರದ ಸ್ವಭಾವವೂ ಹೊಂದುವುದಿಲ್ಲ. ಮೇಳಕ್ಕೆ ಬೇಕಾದುದು ಫಲ. ಹನ್ನೆರಡು ತಿಂಗಳೊಳಗಿನ ದುಡಿಮೆ, ನಾಲ್ಕಡಿ ಅಗಲದ ಫಲಕ, ತೀರ್ಪುಗಾರರೊಡನೆ ಕೆಲವು ನಿಮಿಷಗಳ ಮಾತು. ಬಾಲಕನಿಗೆ ದೊರಕುವವರಾದರೋ ಬಹುಮಟ್ಟಿಗೆ ಸಹಪಾಠಿಗಳೇ. ಅವರಿಗೆ ಪ್ರಶ್ನಾವಳಿ ಹಂಚಿ ಇಪ್ಪತ್ತು ಬಗೆಯ ಹೋಲಿಕೆಗಳನ್ನು ಮಾಡಿದನೆನ್ನಿ. ನೂರಕ್ಕೆ ಐದರ ರೂಢಿಯ ಮಿತಿಯನ್ನಿಟ್ಟುಕೊಂಡರೆ, ಯಾವ ಹುರುಳೂ ಇಲ್ಲದಿದ್ದಾಗಲೂ, ಆ ಹೋಲಿಕೆಗಳು ಪರಸ್ಪರ ಸ್ವತಂತ್ರವಾಗಿದ್ದಲ್ಲಿ, ಒಂದಾದರೂ ಆಕಸ್ಮಿಕವಾಗಿ ‘ಗೆಲ್ಲುವ’ ಸಂಭವ ನೂರಕ್ಕೆ 64! ಗೆದ್ದುದು ಫಲಕವನ್ನೇರುತ್ತದೆ, ಉಳಿದ ಹತ್ತೊಂಬತ್ತು ಮನೆಯಲ್ಲೇ ಉಳಿಯುತ್ತವೆ. ಹಿರಿಯರೇನೂ ಇದಕ್ಕೆ ಹೊರತಲ್ಲ. 2015ರಲ್ಲಿ ಹಲವು ವಿದ್ವಾಂಸರು ಕೂಡಿ ಮನಶ್ಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಮರಳಿ ನಡೆಸಿದಾಗ, ನೂರಕ್ಕೆ 36ರಷ್ಟು ಮಾತ್ರ ಅದೇ ಮಿತಿಯಲ್ಲಿ ಫಲಕೊಟ್ಟವು. ಹಳೆಯ ಪ್ರಯೋಗವೊಂದನ್ನು ಚೊಕ್ಕವಾಗಿ ಪುನರಾವರ್ತಿಸಿ, ‘ನಮಗೆ ಫಲ ಸಿಗಲಿಲ್ಲ’ ಎಂದು ಬರೆದ ಬಾಲಕನಿಗೂ ಬಹುಮಾನ ಕೊಡುವ ಧೈರ್ಯ ಮೇಳಕ್ಕೆ ಬರಬೇಕು.

ಐರಿಸ್ ಎಂಬ ರಾಷ್ಟ್ರೀಯ ಮೇಳದಿಂದ ಆಯ್ಕೆಯಾಗಿ ನಮ್ಮ ದೇಶದ ಮಕ್ಕಳೂ ಅಲ್ಲಿಗೆ ಹೋಗುತ್ತಾರೆ. ಅವರು ಇಂಗ್ಲಿಷಿನ ಪ್ರಶ್ನಾವಳಿಗಳನ್ನೇ ಎತ್ತಿಕೊಳ್ಳಬೇಕೆಂದೇನಿಲ್ಲ. ಸ್ಟ್ರೂಪ್ ಎಂಬವನು 1935ರಲ್ಲಿ ಪ್ರಕಟಿಸಿದ ಪ್ರಯೋಗವನ್ನೇ ನೋಡಬಹುದು. ‘ಕೆಂಪು’ ಎಂಬ ಶಬ್ದವನ್ನು ನೀಲಿ ಮಸಿಯಲ್ಲಿ ಬರೆದು, ಮಸಿಯ ಬಣ್ಣವಾವುದೆಂದು ಕೇಳಿದರೆ ಉತ್ತರ ತಡವಾಗುತ್ತದೆ. ಬೇಡವೆಂದರೂ ಕಣ್ಣು ಶಬ್ದವನ್ನು ಓದಿಬಿಡುತ್ತದೆ. ಓದಲು ಬಾರದ ಲಿಪಿಯಾದರೆ ಈ ತಡೆಯಿಲ್ಲ. ಮಾಟುಂಗದ ಅಥವಾ ಸಿಕಂದರಾಬಾದಿನ ಕನ್ನಡ ಮನೆಯ ಮಗುವಿಗೆ ಕನ್ನಡದಲ್ಲೂ ಶಾಲೆಯ ಭಾಷೆಯಲ್ಲೂ ಇಂಥ ಹಾಳೆಗಳನ್ನು ಕೊಟ್ಟು ನೋಡಿದರೆ, ಮನೆಯಲ್ಲಿ ಆಡುವ ನುಡಿ ಕಣ್ಣಿಗೂ ಇಳಿದಿದೆಯೆ ಎಂಬುದು ಸೆಕೆಂಡುಗಳಲ್ಲಿ ಅಳತೆಗೆ ಸಿಕ್ಕೀತು. ತಾಯಿತಂದೆಗಳ ಅಭಿಮಾನದ ಹೇಳಿಕೆಗಿಂತ ಈ ಅಳತೆ ನಂಬತಕ್ಕದ್ದು. ವೆಚ್ಚವೋ, ನಾಲ್ಕು ಬಣ್ಣದ ಮಸಿ ಮತ್ತು ಒಂದು ಗಡಿಯಾರ. ಹಾಳೆಗಳ ಕ್ರಮವನ್ನು ಮಗುವಿನಿಂದ ಮಗುವಿಗೆ ಬದಲಿಸಬೇಕು. ಬಣ್ಣಗುರುಡನ್ನು ಮೊದಲೇ ಪರೀಕ್ಷಿಸಬೇಕು. ಹೋಲಿಕೆಗೆ ಧಾರವಾಡದ ಕನ್ನಡ ಶಾಲೆಯ ಅದೇ ವಯಸ್ಸಿನ ಮಕ್ಕಳೂ ಬೇಕು. ತಡೆಯೇ ಕಾಣದೆ ಹೋದರೆ ಅದನ್ನೂ ಹಾಗೆಯೇ ಫಲಕದ ಮೇಲೆ ಬರೆಯಬೇಕು, ಓದುವ ನಮಗೆ ಅದು ಎಷ್ಟೇ ಕಹಿಯಾಗಿರಲಿ.