ಕಪಾಟಿನಲ್ಲಿ ಇರಬೇಕಾದ ಸಿನಿಮಾ

2022ರ ಸೆಪ್ಟೆಂಬರ್ 30ರಂದು ತೆರೆಕಂಡ ‘ಕಾಂತಾರ’ವನ್ನು ಚಿತ್ರಮಂದಿರದಲ್ಲಿ ನೋಡಿ ಮೈಮರೆತವರು, ನವೆಂಬರ್ 24ರಂದು ಅದು ಅಮೆಜಾನ್ ಪ್ರೈಮ್‌ಗೆ ಬಂದಾಗ ಮತ್ತೆ ನೋಡಲು ಕೂತರು. ಕೊನೆಯ ಭಾಗಕ್ಕೆ ಬರುವಷ್ಟರಲ್ಲಿ ಏನೋ ತಪ್ಪಿದೆ ಅನ್ನಿಸಿತು. ‘ವರಾಹ ರೂಪಂ’ ಹಾಡಿನ ಸಾಹಿತ್ಯ ಅದೇ ಇತ್ತು, ಧಾಟಿ ಬೇರೆಯಾಗಿತ್ತು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ಇದು ತನ್ನ ‘ನವರಸಂ’ ಹಾಡಿನ ನಕಲೆಂದು ಕೋರ್ಟಿಗೆ ಹೋಗಿತ್ತು, ತಡೆಯಾಜ್ಞೆ ಬಂದಿತ್ತು, ಚಿತ್ರತಂಡ ಅದೇ ಸಾಲುಗಳಿಗೆ ಹೊಸ ಧಾಟಿ ಕೂರಿಸಿ ಕಳಿಸಿತ್ತು. ಮುಂದೆ ಕೋರ್ಟಿನ ಆದೇಶ ಬದಲಾದಾಗ ಮೊದಲಿನ ಹಾಡೇ ಮರಳಿತು. ಹಾಡು ಯಾರದು ಎಂಬ ವ್ಯಾಜ್ಯ ನನ್ನ ವಿಷಯವಲ್ಲ. ಒಂದೇ ಹೆಸರಿನ ಸಿನಿಮಾ ಕೆಲವೇ ವಾರಗಳಲ್ಲಿ ನಮ್ಮ ಟಿವಿಯೊಳಗೇ ಬದಲಾಗಿ ಮತ್ತೆ ಬದಲಾಯಿತಲ್ಲ, ಅದು ನನ್ನ ವಿಷಯ.

ಮನೆಗೆ ದೊಡ್ಡ ಟಿವಿ ತಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ಸ್ಟ್ರೀಮಿಂಗ್ ಸ್ಟಿಕ್ ಸಾಕೋ, ಡಿಸ್ಕ್ ಪ್ಲೇಯರ್ ಬೇಕೋ? ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ದಿನನಿತ್ಯದ ನೋಟಕ್ಕೆ ಸ್ಟಿಕ್ ಸಾಕು, ಅದು ಒಳ್ಳೆಯ ಸಾಧನವೇ. ಆದರೆ ಜೀವಕ್ಕೆ ಹತ್ತಿರವಾದ ಸಿನಿಮಾ ಡಿಸ್ಕ್‌ನಲ್ಲಿ ಸಿಕ್ಕರೆ ಕೊಂಡಿಡಿ. ಅದು ಕನ್ನಡದ್ದಾದರೆ ಯೋಚಿಸುತ್ತ ಕೂರಬೇಡಿ.

ಸ್ಟಿಕ್ ಹಾಕಿಕೊಂಡವರಿಗೆ ಒಂದು ಕಿವಿಮಾತು. ಸಿನಿಮಾ ಸೆಕೆಂಡಿಗೆ 24 ಚೌಕಟ್ಟುಗಳಲ್ಲಿ ಚಿತ್ರೀಕರಣವಾಗಿರುತ್ತದೆ. ಸ್ಟಿಕ್ ಅಥವಾ ಬಾಕ್ಸ್ ಸಾಮಾನ್ಯವಾಗಿ ಟಿವಿಗೆ ಸೆಕೆಂಡಿಗೆ 60ರ ಲೆಕ್ಕದಲ್ಲಿ ಕಳಿಸುತ್ತದೆ. 24ನ್ನು 60ಕ್ಕೆ ಸಮನಾಗಿ ಹಂಚಲು ಆಗುವುದಿಲ್ಲವಾದ್ದರಿಂದ ಒಂದು ಚೌಕಟ್ಟು ಎರಡು ಸಲ, ಮುಂದಿನದು ಮೂರು ಸಲ ಎಂದು ತೋರಿಸಬೇಕಾಗುತ್ತದೆ. ಕ್ಯಾಮೆರಾ ಗದ್ದೆಯ ಮೇಲೆ ಮೆಲ್ಲಗೆ ಹೊರಳುವ ದೃಶ್ಯವನ್ನು ಗಮನಿಸಿ. ಬದುವಿನ ಮೇಲಿನ ತೆಂಗಿನ ಮರಗಳು ಜಾರುವ ಬದಲು ಕುಕ್ಕುತ್ತ ಸಾಗುತ್ತವೆ. ಫೈರ್ ಟಿವಿಯಲ್ಲಿ ಡಿಸ್‌ಪ್ಲೇ ಸೆಟ್ಟಿಂಗ್‌ನೊಳಗೆ ‘ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್’, ಆ್ಯಪಲ್ ಟಿವಿಯಲ್ಲಿ ‘ಮ್ಯಾಚ್ ಕಂಟೆಂಟ್’ ಅನ್ನುವುದನ್ನು ಆನ್ ಮಾಡಿ. ಟಿವಿಯಲ್ಲಿ ‘ಮೋಷನ್ ಸ್ಮೂದಿಂಗ್’ ಬಗೆಯದು ಏನಿದ್ದರೂ ಆಫ್ ಮಾಡಿ. ‘ಫಿಲ್ಮ್‌ಮೇಕರ್ ಮೋಡ್’ ಇದ್ದರೆ ಅದನ್ನೇ ಇಡಿ. ಎರಡು ನಿಮಿಷದ ಈ ಕೆಲಸವನ್ನು ಮಾಡದೆಯೇ ಟಿವಿ ಸರಿಯಿಲ್ಲ ಅನ್ನುವವರು ಬಹಳ ಜನ.

ಇನ್ನು ಚಿತ್ರದ ಗುಣಮಟ್ಟ. 4ಕೆ ನೋಡಲು ಸೆಕೆಂಡಿಗೆ 15 ಮೆಗಾಬಿಟ್ ವೇಗದ ಸಂಪರ್ಕ ಇರಲಿ ಎಂದು ನೆಟ್‌ಫ್ಲಿಕ್ಸ್ ಹೇಳುತ್ತದೆ. ಪೂರ್ತಿ 15ರ ವೇಗದಲ್ಲೇ ಹರಿದುಬಂತು ಅಂದುಕೊಂಡರೂ ಎರಡು ಗಂಟೆಯ ಚಿತ್ರ 13.5 ಗಿಗಾಬೈಟ್ ಆಗುತ್ತದೆ. 2016ರಲ್ಲಿ ಬಂದ 4ಕೆ ಬ್ಲೂ-ರೇ ಡಿಸ್ಕ್ 100 ಗಿಗಾಬೈಟ್‌ವರೆಗೆ ಹಿಡಿಸುತ್ತದೆ. ಈ ಅಂತರವಷ್ಟೂ ಕಣ್ಣಿಗೆ ಕಾಣುತ್ತದೆ ಎಂದಲ್ಲ. ಹಗಲು ಬೆಳಕಿನಲ್ಲಿ ಇಬ್ಬರು ಕೂತು ಮಾತಾಡುವ ದೃಶ್ಯದಲ್ಲಿ ಸ್ಟ್ರೀಮಿಂಗ್ ಯಾವುದು, ಡಿಸ್ಕ್ ಯಾವುದು ಎಂದು ಗುರುತಿಸುವುದು ಪಳಗಿದ ಕಣ್ಣಿಗೂ ಕಷ್ಟ. ವ್ಯತ್ಯಾಸ ಬಯಲಾಗುವುದು ಕತ್ತಲಲ್ಲಿ, ಹೊಗೆಯಲ್ಲಿ, ಮಳೆಯಲ್ಲಿ, ಗಾಳಿಗೆ ಅಲ್ಲಾಡುವ ಎಲೆಗಳಲ್ಲಿ. ಮಾಹಿತಿಯನ್ನು ಹಿಂಡಿ ಕಳಿಸುವ ತಂತ್ರಾಂಶ ‘ಇಲ್ಲಿ ನೋಡುವಂಥದ್ದೇನೂ ಇಲ್ಲ’ ಎಂದು ಮೊದಲು ಕೈಬಿಡುವುದೇ ಕತ್ತಲಿನ ಸೂಕ್ಷ್ಮ ಛಾಯೆಗಳನ್ನು. ‘ಕಾಂತಾರ’ದ ಇರುಳಿನ ಕೋಲದಲ್ಲಿ ದೊಂದಿಯ ಬೆಳಕು ಮುಗಿದು ಕಾಡಿನ ಕಪ್ಪು ಶುರುವಾಗುವ ಜಾಗದಲ್ಲಿ ಚಿತ್ರವನ್ನು ನಿಲ್ಲಿಸಿ, ಟಿವಿಯ ಹತ್ತಿರ ಹೋಗಿ ನೋಡಿ. ಇಂಟರ್‌ನೆಟ್ ಸೊರಗಿದ ಹೊತ್ತಿನಲ್ಲಂತೂ ಬೆಳಕು ಕತ್ತಲಿಗೆ ಕರಗುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. 2019ರ ಏಪ್ರಿಲ್‌ನಲ್ಲಿ ‘ಗೇಮ್ ಆಫ್ ಥ್ರೋನ್ಸ್’ ಕೊನೆಯ ಸೀಸನ್ನಿನ ಮೂರನೇ ಕಂತು ಬಂದಾಗ ಏನೂ ಕಾಣಿಸುತ್ತಿಲ್ಲ ಎಂದು ಲೋಕವೆಲ್ಲ ದೂರಿದ್ದು ನೆನಪಿರಬಹುದು. ಅದೂ ಇರುಳಿನ ಯುದ್ಧದ ಕಂತೇ.

ಧ್ವನಿಯಲ್ಲೂ ಹಾಗೇ. ಡಾಲ್ಬಿ ಅಟ್ಮೋಸ್ ಅನ್ನುವ ಮುದ್ರೆ ಎರಡರಲ್ಲೂ ಇರುತ್ತದೆ. ಸ್ಟ್ರೀಮಿಂಗ್‌ನಲ್ಲಿ ಅದು ಹೆಚ್ಚೆಂದರೆ ಸೆಕೆಂಡಿಗೆ 768 ಕಿಲೋಬಿಟ್‌ಗೆ ಹಿಂಡಿದ ರೂಪ. ಡಿಸ್ಕ್‌ನಲ್ಲಿ ಏನನ್ನೂ ಕಳೆಯದ ಟ್ರೂ-ಎಚ್‌ಡಿ ರೂಪ. ಟಿವಿಯದೇ ಸ್ಪೀಕರಿನಲ್ಲಿ ಕೇಳುವವರಿಗೆ ಇದರಿಂದ ಏನೂ ಆಗಬೇಕಿಲ್ಲ. ಒಳ್ಳೆಯ ಆಂಪ್ಲಿಫೈಯರ್ ಇಟ್ಟವರಿಗೆ ಚೆಂಡೆಯ ಪೆಟ್ಟಿನ ಮೊನೆ ಡಿಸ್ಕ್‌ನಲ್ಲೇ ಸರಿಯಾಗಿ ತಾಗುವುದು.

ಚಿತ್ರ, ಧ್ವನಿಗಳ ಕೊರತೆಯನ್ನಾದರೂ ನಾನು ಸಹಿಸಿಕೊಂಡೇನು. ಸಹಿಸಲಾಗದ್ದು ಸಿನಿಮಾವೇ ಕೈತಪ್ಪುವುದು. ‘777 ಚಾರ್ಲಿ’ 2022ರ ಜುಲೈ ಕೊನೆಯಲ್ಲಿ ವೂಟ್ ಸೆಲೆಕ್ಟ್‌ಗೆ ಬಂತು. ಮರುವರ್ಷ ವೂಟ್ ಜಿಯೋಸಿನಿಮಾದೊಳಗೆ ಸೇರಿಹೋಯಿತು. 2025ರ ಫೆಬ್ರುವರಿಯಲ್ಲಿ ಜಿಯೋಸಿನಿಮಾ, ಹಾಟ್‌ಸ್ಟಾರ್ ಕೂಡಿ ಜಿಯೋಹಾಟ್‌ಸ್ಟಾರ್ ಆಯಿತು. ಮೂರು ವರ್ಷ ತುಂಬುವುದರೊಳಗೆ ಅಂಗಡಿಯ ಬೋರ್ಡೇ ಎರಡು ಸಲ ಬದಲಾದ ಹಾಗಾಯಿತು. ಒಪ್ಪಂದದ ಅವಧಿ ಮುಗಿದರೆ ಸಿನಿಮಾ ಹೋಗುತ್ತದೆ. ಭಾರತಕ್ಕೆ ಮಾತ್ರ ಹಕ್ಕು ಕೊಟ್ಟಿದ್ದರೆ ನ್ಯೂಜೆರ್ಸಿಯ ಮಗಳ ಮನೆಯಲ್ಲಿ ಅದು ತೆರೆಯುವುದಿಲ್ಲ. ‘ಬೈ’ ಅನ್ನುವ ಬಟನ್ ಒತ್ತಿ ದುಡ್ಡು ಕೊಟ್ಟರೂ ಸಿಗುವುದು ನೋಡುವ ಪರವಾನಗಿ ಅಷ್ಟೆ. ಇದನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸದೆ ಆ ಪದ ಬಳಸಕೂಡದು ಎಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಜಾರಿಯಲ್ಲಿದೆ. ನಮ್ಮಲ್ಲೂ ಅಂಥದ್ದು ಬರಬೇಕು.

ಕನ್ನಡಕ್ಕೆ ಈ ಕಷ್ಟ ಇಮ್ಮಡಿ. ಓಟಿಟಿ ಸಂಸ್ಥೆಗಳು ಕನ್ನಡದ ಕಡೆ ತಿರುಗಿ ನೋಡುವುದೇ ಕಡಿಮೆ. ರಕ್ಷಿತ್ ಶೆಟ್ಟಿಯವರ ಪರಂವಃ ಸಂಸ್ಥೆ 2024ರಲ್ಲಿ ‘ಏಕಂ’ ಸರಣಿಯನ್ನು ಅದಕ್ಕೆಂದೇ ತೆರೆದ ಸ್ವಂತ ಜಾಲತಾಣದಲ್ಲಿ ಬಿಡುಗಡೆ ಮಾಡಬೇಕಾಯಿತು. ಹೊಸದರ ಪಾಡೇ ಹೀಗಿರುವಾಗ ಅರವತ್ತು, ಎಪ್ಪತ್ತರ ದಶಕದ ಚಿತ್ರಗಳನ್ನು ಯಾರು ಕಾಯುತ್ತಾರೆ? ನಮ್ಮ ಮೊದಲ ವಾಕ್ಚಿತ್ರ, 1934ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಉಳಿದಿಲ್ಲ.

ಹಾಗೆಂದು ಕನ್ನಡ ಡಿಸ್ಕ್‌ಗಳ ಕಾಲವನ್ನು ಹಾಡಿಹೊಗಳಲಾರೆ. ನಮ್ಮ ಮನೆಗಳಿಗೆ ಬಂದದ್ದು ಬಹುಪಾಲು ವಿಸಿಡಿ. ಮೋಸರ್ ಬೇಯರ್ ಸಂಸ್ಥೆ 28 ರೂಪಾಯಿಗೆ ವಿಸಿಡಿ, 34ಕ್ಕೆ ಡಿವಿಡಿ ಕೊಡಲು ಶುರುಮಾಡಿದಾಗ ಕಿರಾಣಿ ಅಂಗಡಿಗಳಲ್ಲೂ ಸಿನಿಮಾ ತೂಗಾಡುತ್ತಿತ್ತು. ವಿಸಿಡಿ ಚಿತ್ರದ ಅಳತೆ 352ಕ್ಕೆ 288 ಬಿಂದು. ಇಂದಿನ ಫುಲ್ ಎಚ್‌ಡಿಯ ಇಪ್ಪತ್ತನೇ ಒಂದು ಪಾಲು. ಒಂದು ಸಿನಿಮಾಕ್ಕೆ ಎರಡೋ ಮೂರೋ ಡಿಸ್ಕ್. ಮೂಲೆಯಲ್ಲಿ ಕಂಪನಿಯ ಮುದ್ರೆ, ಮಾಸಿದ ಪ್ರಿಂಟಿನಿಂದ ಇಳಿಸಿಕೊಂಡ ಚಿತ್ರ. ಆ ಉದ್ದಿಮೆ ನಮ್ಮ ಸಿನಿಮಾಗಳನ್ನು ಸರಕಿನ ಹಾಗೆ ಕಂಡಿತು ಅನ್ನುವುದು ನನ್ನ ದೂರು. ಮೋಸರ್ ಬೇಯರ್ ಕೂಡ 2018ರಲ್ಲಿ ದಿವಾಳಿಯಾಗಿ ಮುಚ್ಚಿತು. ಹೊರಗಿನ ಕಥೆಯೂ ಬೇರೆಯಲ್ಲ. ಸ್ಯಾಮ್‌ಸಂಗ್ 2019ರಲ್ಲೇ ಹೊಸ ಬ್ಲೂ-ರೇ ಪ್ಲೇಯರ್ ತರುವುದನ್ನು ಅಮೆರಿಕದಲ್ಲಿ ನಿಲ್ಲಿಸಿತು. 1998ರಿಂದ ಅಂಚೆಯಲ್ಲಿ ಡಿವಿಡಿ ಕಳಿಸುತ್ತಿದ್ದ ನೆಟ್‌ಫ್ಲಿಕ್ಸ್, 2023ರ ಸೆಪ್ಟೆಂಬರ್ 29ರಂದು ಕೊನೆಯ ಕೆಂಪು ಲಕೋಟೆಗಳನ್ನು ಕಳಿಸಿತು.

ಡಿಸ್ಕ್ ಚಿರಂಜೀವಿಯೂ ಅಲ್ಲ. 2006ರಿಂದ 2008ರ ನಡುವೆ ತಯಾರಾದ ತನ್ನ ಕೆಲವು ಡಿವಿಡಿಗಳು ತಾವಾಗಿಯೇ ಕೆಟ್ಟಿವೆ ಎಂದು ವಾರ್ನರ್ ಸಂಸ್ಥೆ 2025ರಲ್ಲಿ ಒಪ್ಪಿಕೊಂಡಿದೆ. ಕರಾವಳಿ, ಮಲೆನಾಡಿನ ಮನೆಗಳಲ್ಲಿ ಮಳೆಗಾಲದ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಡಿಸ್ಕ್ ಪರ ನಿಲ್ಲಲು ನನಗಿರುವ ದೊಡ್ಡ ಕಾರಣ ‘ಘಟಶ್ರಾದ್ಧ’. ಗಿರೀಶ ಕಾಸರವಳ್ಳಿಯವರ 1977ರ ಈ ಚಿತ್ರವನ್ನು ಫಿಲ್ಮ್ ಹೆರಿಟೇಜ್ ಫೌಂಡೇಶನ್ ಮತ್ತು ಮಾರ್ಟಿನ್ ಸ್ಕಾರ್ಸೆಸಿ ಅವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಸೇರಿ ಪುನಶ್ಚೇತನಗೊಳಿಸಿದವು. 2024ರಲ್ಲಿ ವೆನಿಸ್ ಚಿತ್ರೋತ್ಸವದ ಕ್ಲಾಸಿಕ್ಸ್ ವಿಭಾಗದಲ್ಲಿ ಅದು ಪ್ರದರ್ಶನ ಕಂಡಿತು. ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣದಲ್ಲಿ ಅಗ್ರಹಾರದ ಮನೆಯೊಳಗಿನ ಮಬ್ಬು ಒಂದು ಪಾತ್ರದಷ್ಟೇ ಮುಖ್ಯ. ಫಿಲ್ಮಿನ ಕಣಕಣವಾದ ಮೈಯಿಂದ ಹುಟ್ಟುವ ಮಬ್ಬು ಅದು. ಸ್ಟ್ರೀಮಿಂಗ್ ಮೊದಲು ನುಣ್ಣಗೆ ಮಾಡುವುದು ಆ ಕಣಗಳನ್ನೇ. ಆಗ ಗೋಡೆ ಮೇಣದಂತೆ, ಮುಖ ಬೊಂಬೆಯಂತೆ ಕಾಣುತ್ತದೆ. ಇದೇ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್‌ನಡಿ ಉಳಿದುಕೊಂಡ ಉದಯ ಶಂಕರರ ‘ಕಲ್ಪನಾ’ (1948) ಕ್ರೈಟೀರಿಯನ್ ಸಂಸ್ಥೆಯ ಡಿಸ್ಕ್ ಸಂಪುಟದಲ್ಲಿ 2022ರಲ್ಲಿ ಬಂತು. ‘ಘಟಶ್ರಾದ್ಧ’ಕ್ಕೂ ಆ ದಾರಿ ಸಿಗಬೇಕು. ಕರ್ನಾಟಕ ಚಲನಚಿತ್ರ ಅಕಾಡೆಮಿ ಮನಸ್ಸು ಮಾಡಿ, ನಿರ್ದೇಶಕರ ಮಾತು, ಒಳ್ಳೆಯ ಸಬ್‌ಟೈಟಲ್‌ಗಳೊಂದಿಗೆ ಕನ್ನಡದ ಆಯ್ದ ಚಿತ್ರಗಳ ಬ್ಲೂ-ರೇ ಮಾಲೆಯೊಂದನ್ನು ತರಬೇಕು. ಸಾವಿರ ಪ್ರತಿ ಅಚ್ಚಾದರೂ ಸಾಕು, ಗ್ರಂಥಾಲಯಗಳಿಗೆ ತಲುಪಿದರೆ ಉಳಿಯುತ್ತವೆ.

ಡಿಸ್ಕ್ ಕೊಳ್ಳುವವರು ಗಮನಿಸಬೇಕಾದ್ದು ಇಷ್ಟು. ಸಾಮಾನ್ಯ ಬ್ಲೂ-ರೇಗೆ ಪ್ರಾಂತ್ಯ ಸಂಕೇತವಿದೆ. ಅಮೆರಿಕದ್ದು ‘ಎ’, ನಮ್ಮದು ‘ಸಿ’. ಅಮೆರಿಕದಿಂದ ತರಿಸಿದ ಡಿಸ್ಕ್ ಇಲ್ಲಿನ ಪ್ಲೇಯರಿನಲ್ಲಿ ಓಡದೇ ಇರಬಹುದು. 4ಕೆ ಡಿಸ್ಕ್‌ಗಳಿಗೆ ಆ ಕಟ್ಟು ಇಲ್ಲ. ಪ್ಲೇಯರನ್ನೇ ಅಲ್ಲಿಂದ ತರಿಸುವುದಾದರೆ ನಮ್ಮ 230 ವೋಲ್ಟ್‌ಗೆ ಒಗ್ಗುತ್ತದೆಯೇ ಎಂದು ಹಿಂಬದಿಯ ಚೀಟಿ ನೋಡಿ. ಮನೆಯಲ್ಲಿ ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಇದ್ದರೆ ಬೇರೆ ಪ್ಲೇಯರ್ ಬೇಡ, ಅದರಲ್ಲೇ 4ಕೆ ಡಿಸ್ಕ್ ಓಡುತ್ತದೆ.

ಕೊನೆಯದಾಗಿ ಒಂದು ಕೋರಿಕೆ. ಅಟ್ಟದ ಮೇಲೆ, ಹಳೆಯ ಸೂಟ್‌ಕೇಸಿನಲ್ಲಿ ಬಿದ್ದಿರುವ ಕನ್ನಡ ವಿಸಿಡಿ, ಡಿವಿಡಿಗಳನ್ನು ಗುಜರಿಗೆ ಹಾಕುವ ಮುನ್ನ ಹೆಸರುಗಳ ಪಟ್ಟಿ ಮಾಡಿ, ಯಾವುದು ಓಟಿಟಿಯಲ್ಲಿದೆ, ಯಾವುದು ಎಲ್ಲೂ ಇಲ್ಲ ಎಂದು ಹುಡುಕಿ. ಎಲ್ಲೂ ಇಲ್ಲದ್ದನ್ನು ಮೆತ್ತನೆಯ ಹತ್ತಿ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ, ಗುಂಡಗೆ ಉಜ್ಜಬೇಡಿ. ಡಿವಿಡಿ ಡ್ರೈವ್ ಇರುವ ಕಂಪ್ಯೂಟರಿನಲ್ಲಿ ವಿಸಿಡಿಯ ‘ಎಂಪೆಗ್‌ಎವಿ’ ಫೋಲ್ಡರ್ ತೆರೆದರೆ ದೊಡ್ಡ ಡ್ಯಾಟ್ ಫೈಲ್ ಕಾಣುತ್ತದೆ. ಸಿನಿಮಾ ಇರುವುದು ಅದರಲ್ಲೇ. ಹಾರ್ಡ್ ಡಿಸ್ಕ್‌ಗೆ ಒಂದು ಪ್ರತಿ ಮಾಡಿಟ್ಟುಕೊಳ್ಳಿ, ವಿಎಲ್‌ಸಿಯಲ್ಲಿ ಓಡುತ್ತದೆ. ಮೂಲ ಡಿಸ್ಕನ್ನು ತೇವವಿಲ್ಲದ ಕಪಾಟಿನಲ್ಲಿ ನಿಲ್ಲಿಸಿಡಿ. ಈ ಮಳೆಗಾಲ ಶುರುವಾಗುವ ಮೊದಲೇ ಮಾಡಿ.