ಕೀಶ್ ಮಾಡುವ ವಿಧಾನ: ಒಂದು ವಿಮರ್ಶೆ

ಕಾದಂಬರಿ ಬಂದರೆ ವಿಮರ್ಶೆ ಬರುತ್ತದೆ, ಸಿನಿಮಾ ಬಂದರೆ ವಿಮರ್ಶೆ ಬರುತ್ತದೆ. ಇಪ್ಪತ್ತು ಜನ ಓದಿದ ಕವನ ಸಂಕಲನಕ್ಕೂ ಇಬ್ಬರು ವಿಮರ್ಶಕರು ಸಿಗುತ್ತಾರೆ. ಆದರೆ ಹೆಂಗಸರು ಕತ್ತರಿಸಿಟ್ಟುಕೊಂಡು, ಡಬ್ಬಿಗಳ ಹಿಂದೆ ಮಡಿಚಿಟ್ಟು, ಹಿಟ್ಟಿನ ಕೈಯಿಂದಲೇ ಮತ್ತೆ ಮತ್ತೆ ತೆಗೆದು ಓದುವ ಬರಹವೊಂದಿದೆ. ಅದನ್ನು ಯಾರೂ ವಿಮರ್ಶಿಸುವುದಿಲ್ಲ. ಅಡುಗೆಯ ಅಂಕಣ ತಪ್ಪಿದರೆ ಆ ತಪ್ಪು ಬರೆದವರದ್ದು ಎಂದು ಯಾರೂ ಹೇಳುವುದಿಲ್ಲ, ಮಾಡಿದವಳ ಕೈಗುಣ ಸರಿಯಿಲ್ಲ ಎನ್ನುತ್ತಾರೆ. ಮೂವತ್ತು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ನನಗೆ ಇದು ನ್ಯಾಯವೆನಿಸುವುದಿಲ್ಲ. ಪಾಠಪುಸ್ತಕದಲ್ಲೇ ತಪ್ಪಿದ್ದರೆ ಮಗುವಿನ ಅಂಕ ಕಳೆಯುತ್ತೇವೆಯೆ?

ನನ್ನ ಹತ್ತಿರ ಅಂಥ ಕತ್ತರಿಕೆಗಳ ಒಂದು ಫೈಲು ಇದೆ. ಕೊಪ್ಪಳ ಇನ್ನೂ ರಾಯಚೂರು ಜಿಲ್ಲೆಯಲ್ಲಿದ್ದಾಗ, ಅಂದರೆ 1997ಕ್ಕೂ ಮೊದಲು ಶುರುವಾದದ್ದು. ಅದರಲ್ಲಿ ‘ಚೀಸ್ ಮತ್ತು ತರಕಾರಿ ಕೀಶ್’ ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಪುರವಣಿಗಳಲ್ಲಿ ನಾಲ್ಕು ಸಲ ಬಂದಿದೆ. ಈಚೆಗೆ ನಾಲ್ಕನ್ನೂ ಒಂದರ ಪಕ್ಕ ಒಂದಿಟ್ಟು ಓದಿದೆ. ನಾಲ್ಕರಲ್ಲೂ ಫೋಟೋ ಚೆನ್ನಾಗಿದೆ.

ತೊಡಕು ಹೆಸರಿನಿಂದಲೇ ಆರಂಭ. ಒಂದರಲ್ಲಿ ‘ಕ್ವಿಚೆ’, ಇನ್ನೊಂದರಲ್ಲಿ ‘ಕ್ವಿಶ್’, ಮತ್ತೊಂದರಲ್ಲಿ ‘ಫ್ರೆಂಚ್ ಪಿಜ್ಜಾ’. ಪಿಜ್ಜಾಕ್ಕೂ ಇದಕ್ಕೂ ನೆಂಟಸ್ತಿಕೆ ಇಲ್ಲ. ಫ್ರಾನ್ಸಿನವರು ಇದನ್ನು ‘ಕೀಶ್’ ಎನ್ನುತ್ತಾರೆ. ಜರ್ಮನಿಯ ಗಡಿಗೆ ಅಂಟಿಕೊಂಡಿರುವ ಲೊರೇನ್ ಸೀಮೆಯ ತಿನಿಸು ಇದು. ಹೆಸರೂ ಕೇಕಿಗೆ ಜರ್ಮನರು ಹೇಳುವ ‘ಕೂಖೆನ್’ ಎಂಬ ಮಾತಿನಿಂದ ಬಂದದ್ದು ಎನ್ನುತ್ತಾರೆ. ಮರಾಠಿಯ ಜುಣಕ ನಮ್ಮ ಜೋಳದ ರೊಟ್ಟಿಯ ಪಕ್ಕ ಬಂದು ಕೂತ ಹಾಗೆ ಅಲ್ಲಿಯೂ ಗಡಿಯಾಚೆಯ ಮಾತು ಈಚೆಯ ತಟ್ಟೆಗೆ ಬಂದಿದೆ. ಲೊರೇನಿನ ಹಳೆಯ ಕೀಶಿನಲ್ಲಿ ತತ್ತಿ, ಕೆನೆ ಮತ್ತು ಹಂದಿಮಾಂಸದ ಚೂರು ಇರುತ್ತಿದ್ದವು. ಚೀಸ್ ಆಮೇಲೆ ಸೇರಿದ್ದು. ಮಾಂಸದ ಸಂಗತಿಯನ್ನು ನಾಲ್ಕೂ ಅಂಕಣಗಳು ನುಂಗಿವೆ. ನಮ್ಮಲ್ಲಿ ತಿನ್ನುವವರೂ ಇದ್ದಾರೆ, ತಿನ್ನದವರೂ ಇದ್ದಾರೆ. ತಿನಿಸಿನ ಮೂಲ ಯಾವುದೆಂದು ತಿಳಿಯುವ ಹಕ್ಕು ಇಬ್ಬರಿಗೂ ಇದೆ.

ಇನ್ನು ಹಿಟ್ಟು. ‘ಮೈದಾ, ಬೆಣ್ಣೆ, ಉಪ್ಪು ಸೇರಿಸಿ ಚೆನ್ನಾಗಿ ನಾದಿಕೊಳ್ಳಿ’ ಎನ್ನುತ್ತವೆ ಮೂರು ಅಂಕಣಗಳು. ಇದನ್ನು ನಂಬಿದವಳ ಕೀಶಿನ ತಳ ಚಪ್ಪಲಿಯ ಅಟ್ಟೆಯಾಗುತ್ತದೆ. ನೀರು ಬಿದ್ದ ಮೈದಾವನ್ನು ನಾದಿದಷ್ಟೂ ಜಿಗಿ ಬರುತ್ತದೆ. ಹೋಳಿಗೆಯ ಕಣಕಕ್ಕೆ ಆ ಜಿಗಿ ಬೇಕು, ಇದಕ್ಕೆ ಬೇಡ. ಇಲ್ಲಿ ಬೆಣ್ಣೆಯ ಕೆಲಸವೇ ಹಿಟ್ಟಿನ ಕಣಕಣಕ್ಕೂ ಜಿಡ್ಡು ಮೆತ್ತಿ ಜಿಗಿ ಬರದಂತೆ ತಡೆಯುವುದು. ಶಂಕರಪೋಳಿಗೆ, ಕರ್ಚಿಕಾಯಿಗೆ ಕಾದ ತುಪ್ಪ ಹಾಕಿ ಹಿಟ್ಟನ್ನು ಬೆರಳಲ್ಲಿ ಉಜ್ಜುವವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ, ‘ಅದೇ ಕೆಲಸ, ತುಪ್ಪದ ಬದಲು ತಣ್ಣಗಿನ ಬೆಣ್ಣೆ’ ಎಂದರೆ ಸಾಕು. ಇನ್ನೂರು ಗ್ರಾಂ ಮೈದಾಕ್ಕೆ ನೂರು ಗ್ರಾಂ ಬೆಣ್ಣೆ, ಉಂಡೆ ಹಿಡಿಯುವಷ್ಟೇ ತಣ್ಣೀರು, ಅಂದರೆ ಮೂರು ನಾಲ್ಕು ಚಮಚ. ಒಂದು ಅಂಕಣದಲ್ಲಿ ‘ಬೆಣ್ಣೆ ಕೋಣೆಯ ಉಷ್ಣತೆಯಲ್ಲಿರಲಿ’ ಎಂದಿದೆ. ಏಪ್ರಿಲ್ ತಿಂಗಳಲ್ಲಿ ಕುಷ್ಟಗಿಯ ಕೋಣೆಯ ಉಷ್ಣತೆ ಎಷ್ಟು ಎಂದು ಆ ಲೇಖಕಿ ಒಮ್ಮೆ ಬಂದು ನೋಡಬೇಕು. ಬೆಣ್ಣೆ ಅಲ್ಲಿ ಬೆಣ್ಣೆಯಾಗಿ ಉಳಿಯುವುದಿಲ್ಲ. ಬೇಸಿಗೆಯಲ್ಲಿ ಈ ಕೆಲಸ ಬೆಳಗಿನ ಆರು ಗಂಟೆಯದು, ಹಿಟ್ಟನ್ನೂ ಅರ್ಧ ಗಂಟೆ ಫ್ರಿಜ್ಜಿನಲ್ಲಿಡಬೇಕು.

ಲಟ್ಟಿಸಿ ತಟ್ಟೆಗೆ ಹೊಂದಿಸಿದ ಹಿಟ್ಟನ್ನು ಮೊದಲು ಬರಿದೇ ಬೇಯಿಸಬೇಕು, ಇಲ್ಲವಾದರೆ ಮೇಲಿನ ಹಾಲು ಇಳಿದು ತಳ ಹಸಿಯಾಗಿಯೇ ಉಳಿಯುತ್ತದೆ. ಬರಿದೇ ಬೇಯಿಸಿದರೆ ಹಿಟ್ಟು ಉಬ್ಬುತ್ತದೆ, ಅದಕ್ಕೆ ಮೇಲೊಂದು ಕಾಗದ ಹಾಕಿ ಭಾರ ಹೇರುತ್ತಾರೆ. ಒಂದು ಅಂಕಣ ಇದಕ್ಕೆಂದೇ ಮಾರುವ ‘ಸೆರಾಮಿಕ್ ಮಣಿ’ ಕೊಳ್ಳಿ ಎನ್ನುತ್ತದೆ. ಕಡಲೆ ಬೆಳೆಯುವ ನಾಡಿನವರು ಮಣಿ ಕೊಂಡು ತರಬೇಕೆ? ಒಂದು ಸೇರು ಒಣಕಡಲೆ ಸಾಕು. ಆರಿದ ಮೇಲೆ ಡಬ್ಬಿಗೆ ಹಾಕಿಟ್ಟುಕೊಂಡರೆ ಮುಂದಿನ ಸಲಕ್ಕೂ ಆಯಿತು.

ಕಾಯಿಪಲ್ಯದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಳ್ಳಾಗಡ್ಡಿ, ಗಜ್ಜರಿ, ದೊಣ್ಣಮೆಣಸಿನಕಾಯಿ, ಮೆಂತ್ಯಪಲ್ಯ ಯಾವುದಾದರೂ ಆದೀತು. ಹುರಿದು ನೀರು ಪೂರ್ತಿ ಆರಿಸಿಯೇ ಹಾಕಬೇಕು, ಅಷ್ಟೇ.

ಚೀಸಿನ ಮಾತು ಬೇರೆ. ‘ಚೀಸ್ ಸಿಗದಿದ್ದರೆ ಪನೀರ್ ಹಾಕಬಹುದು’ ಎಂಬ ಒಂದು ಸಾಲು ನಾಲ್ಕರಲ್ಲೂ ಇದೆ. ಹಾಕಬಹುದು ನಿಜ, ಆದರೆ ಆಗ ಏನಾಗುತ್ತದೆ ಎಂದು ಒಂದೂ ಹೇಳುವುದಿಲ್ಲ. ಹುಳಿಯಿಂದ ಒಡೆದ ಹಾಲಿನ ಪನೀರು ಎಷ್ಟು ಕಾಯಿಸಿದರೂ ಕರಗುವುದಿಲ್ಲ. ನೂಲಿನಂತೆ ಎಳೆ ಬರುವ ಕನಸು ಕಂಡವಳಿಗೆ ಪುಡಿಪುಡಿ ಪನೀರು ಕಂಡು ನಿರಾಸೆಯಾಗುತ್ತದೆ. ರೆನ್ನೆಟ್ ಎಂಬ ಹೆಪ್ಪಿನಿಂದ ಮಾಡಿದ ಚೀಸು ಕರಗುತ್ತದೆ. ಅಂಗಡಿಯ ಪೊಟ್ಟಣದ ‘ಪ್ರೋಸೆಸ್ಡ್’ ಚೀಸೂ ಕರಗುತ್ತದೆ, ಆದರೆ ಅದರಲ್ಲಿ ಉಪ್ಪು ಮೊದಲೇ ಇರುವುದರಿಂದ ಅಂಕಣದ ‘ರುಚಿಗೆ ತಕ್ಕಷ್ಟು ಉಪ್ಪು’ ಹಾಕಿದರೆ ಬಾಯಿಗಿಡಲಾಗದು. ಇನ್ನೊಂದು ಸಂಗತಿ: ರೆನ್ನೆಟ್ ಹಿಂದಿನಿಂದ ಬಂದದ್ದು ಕರುವಿನ ಹೊಟ್ಟೆಯಿಂದ. ಈಗ ಸೂಕ್ಷ್ಮಜೀವಿಗಳಿಂದ ತಯಾರಾದದ್ದೂ ಇದೆ. ಪೊಟ್ಟಣದ ಮೇಲೆ ಹಸಿರು ಚುಕ್ಕೆ ಇದ್ದರೆ ಅದೇ ಎಂದು ಅರ್ಥ. ಲಿಂಗಾಯತರ, ಜೈನರ, ಬ್ರಾಹ್ಮಣರ ಮನೆಗಳಲ್ಲಿ ಓದುವ ಪುರವಣಿ ಇಷ್ಟನ್ನಾದರೂ ಹೇಳಬೇಡವೆ?

ಹಾಲು ಒಡೆಸಿ ಗಟ್ಟಿ ಮಾಡುವುದು ನಮಗೆ ಪರದೇಶದಿಂದ ಬಂದ ವಿದ್ಯೆ ಎಂಬ ಧಾಟಿಯೂ ಈ ಅಂಕಣಗಳಲ್ಲಿದೆ. ಸುಮಾರು 1025ರಲ್ಲಿ ಎರಡನೆಯ ಚಾವುಂಡರಾಯ ಕನ್ನಡದಲ್ಲಿ ಬರೆದ ‘ಲೋಕೋಪಕಾರ’ದಲ್ಲಿ ಗಿಡದ ಬೇರು, ಸೊಪ್ಪುಗಳಿಂದ ಹಾಲನ್ನು ಗಟ್ಟಿಯಾಗಿಸುವ ಕ್ರಮ ಇದೆ. ಮುಂದಿನ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಕಾದ ಹಾಲನ್ನು ಹುಳಿಯಿಂದ ಒಡೆಸಿ, ಬಟ್ಟೆಯಲ್ಲಿ ಸೋಸಿ, ಅಕ್ಕಿಹಿಟ್ಟು ಸೇರಿಸಿ ತುಪ್ಪದಲ್ಲಿ ಕರಿಯುವುದನ್ನು ಹೇಳುತ್ತದೆ. ಇದೇ ಚಾಲುಕ್ಯರ ಕಾಲದ, 1112ರ ಮಹಾದೇವ ದೇವಾಲಯ ಯಲಬುರ್ಗಾ ಸೀಮೆಯ ಇಟಗಿಯಲ್ಲಿ ಇಂದಿಗೂ ನಿಂತಿದೆ. ಗುಡಿ ನೋಡಲು ಬಸ್ಸು ಮಾಡಿಕೊಂಡು ಹೋಗುವ ನಾವು ಆ ಕಾಲದ ಅಡುಗೆಮನೆಯನ್ನು ಮಾತ್ರ ಪೂರ್ತಿ ಮರೆತಿದ್ದೇವೆ.

ಈಗ ತತ್ತಿ. ಕೀಶಿನ ಪ್ರಾಣ ಇರುವುದೇ ಅದರಲ್ಲಿ. ಮೂರು ತತ್ತಿಗೆ ಮುನ್ನೂರು ಮಿಲಿ ಹಾಲು-ಕೆನೆ, ಅದು ಮೆತ್ತಗಿನ ಬೆಂಕಿಯಲ್ಲಿ ಹೆಪ್ಪಾಗುವುದು, ಅಷ್ಟೇ ಕೀಶ್. ಗಿಣ್ಣ ತಿಂದವರಿಗೆ ಇದು ಚೆನ್ನಾಗಿ ಗೊತ್ತು. ಎಮ್ಮೆ ಈದ ಮೊದಲ ದಿನದ ಹಾಲಿನಲ್ಲಿ ಸಾರ ಹೆಚ್ಚಿರುವುದರಿಂದ ಅದು ಹಬೆಯಲ್ಲಿ ತಾನೇ ಗಟ್ಟಿಯಾಗುತ್ತದೆ. ದಿನದ ಹಾಲಿಗೆ ಆ ಶಕ್ತಿ ಇಲ್ಲ, ತತ್ತಿ ಆ ಶಕ್ತಿಯನ್ನು ಕೊಡುತ್ತದೆ. ಬೆಂಕಿ ಹೆಚ್ಚಾದರೆ ಗಿಣ್ಣ ನೀರು ಬಿಡುವಂತೆಯೇ ಕೀಶೂ ನೀರು ಬಿಡುತ್ತದೆ. ಇಷ್ಟು ಹೇಳಿದರೆ ಯಲಬುರ್ಗಾದ ಯಾವ ಹೆಣ್ಣುಮಗಳೂ ಕೀಶ್ ಕಲಿತಾಳು.

ಆದರೆ ಅಂಕಣಗಳು ಮಾಡುವುದೇನು? ಎರಡು ಅಂಕಣಗಳು ತಲೆಬರಹದಲ್ಲೇ ‘ಮೊಟ್ಟೆರಹಿತ’ ಎಂದು ದೊಡ್ಡ ಅಕ್ಷರದಲ್ಲಿ ಹಾಕಿ, ಒಳಗೆ ತತ್ತಿಯನ್ನು ಕಿತ್ತು ಅದರ ಜಾಗಕ್ಕೆ ಎರಡು ಚಮಚ ಕಾರ್ನ್‌ಫ್ಲೋರ್ ಬರೆದಿವೆ. ತತ್ತಿ ಮಾಡುತ್ತಿದ್ದ ಕೆಲಸವನ್ನು ಈಗ ಯಾರು ಮಾಡಬೇಕು? ಎರಡು ಚಮಚ ಹಿಟ್ಟು ಮಾಡೀತೆ? ಕೊಯ್ದರೆ ಹಾಲು ಹರಿಯುತ್ತದೆ. ತತ್ತಿ ತಿನ್ನದವರಿಗೆ ದಾರಿ ಇಲ್ಲವೆಂದಲ್ಲ. ಒಂದು ಬಟ್ಟಲು ಕಡಲೆಹಿಟ್ಟಿಗೆ ಎರಡು ಬಟ್ಟಲು ನೀರುಮಜ್ಜಿಗೆ ಸೇರಿಸಿ, ಒಲೆಯ ಮೇಲೆ ಗಟ್ಟಿಯಾಗುವ ತನಕ ತಿರುವಿ, ಕಾಯಿಪಲ್ಯ ಬೆರೆಸಿ ತಳದ ಮೇಲೆ ಸುರಿದು ಇಪ್ಪತ್ತು ಇಪ್ಪತ್ತೈದು ನಿಮಿಷ ಬೇಯಿಸಿದರೆ ಚೆಂದವಾಗಿ ಕೊಯ್ಯಲು ಬರುತ್ತದೆ, ರುಚಿಯೂ ಇರುತ್ತದೆ. ಆದರೆ ಅದು ಕೀಶ್ ಅಲ್ಲ, ಮೈದಾದ ತೊಟ್ಟಿಲಲ್ಲಿ ಮಲಗಿದ ಜುಣಕ. ಹಾಗೆಂದೇ ಬರೆದರೆ ಏನು ಕಳೆದುಕೊಳ್ಳುತ್ತೇವೆ? ತತ್ತಿ ಇಲ್ಲದ ತಿನಿಸಿಗೆ ತನ್ನದೇ ಹೆಸರು, ತನ್ನದೇ ಮರ್ಯಾದೆ ಇದೆ. ತತ್ತಿ ಇರುವುದಕ್ಕೂ ಇದೆ. ಒಂದರ ಫೋಟೋ ಹಾಕಿ ಇನ್ನೊಂದರ ವಿಧಾನ ಬರೆಯುವುದು ಇಬ್ಬರಿಗೂ ಮಾಡುವ ಮೋಸ.

ತತ್ತಿಯ ವಿಷಯದಲ್ಲಿ ಈ ಮುಚ್ಚುಮರೆ ನನಗೆ ಹೆಚ್ಚು ಚುಚ್ಚುವುದಕ್ಕೆ ಕಾರಣವಿದೆ. 2002ರಲ್ಲಿ ಶಾಲೆಯ ಬಿಸಿಯೂಟ ಮೊದಲು ಆರಂಭವಾದ ಈಶಾನ್ಯದ ಜಿಲ್ಲೆಗಳಲ್ಲಿ ಕೊಪ್ಪಳವೂ ಒಂದು. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ತತ್ತಿ ಕೊಡಲು ಶುರು ಮಾಡಿದರು, ತಿನ್ನದವರಿಗೆ ಬಾಳೆಹಣ್ಣು. ಕೆಲವು ಮಠಾಧೀಶರು ವಿರೋಧಿಸಿದರು. ಆಗ ಗಂಗಾವತಿಯ ಶಾಲಾ ಬಾಲಕಿಯೊಬ್ಬಳು ನಮಗೆ ತತ್ತಿ ಬೇಕು ಎಂದು ಸ್ವಾಮಿಗಳಿಗೇ ಎದುರಾಗಿ ಮಾತಾಡಿದ ವಿಡಿಯೋ ನಾಡೆಲ್ಲ ಹರಿದಾಡಿತು. ಆ ಹುಡುಗಿ ತನಗೆ ಬೇಕಾದ್ದನ್ನು ಅದರ ಹೆಸರು ಹಿಡಿದೇ ಕೇಳಿದಳು. ಅಡುಗೆ ಪುಟದ ನಾವು ಅದನ್ನು ಹೇಳಲೂ ಹಿಂಜರಿಯುತ್ತೇವೆ. ತತ್ತಿ ಹಾಕಿದ ಅಂಕಣವೊಂದರಲ್ಲಿ ಅದು ಸಾಮಗ್ರಿಯ ಪಟ್ಟಿಯಲ್ಲೇ ಇಲ್ಲ, ಏಳನೆಯ ಸಾಲಿನಲ್ಲಿ ‘ಕಸ್ಟರ್ಡ್ ಮಿಶ್ರಣ’ ಎಂಬ ಮುಸುಕು ಹಾಕಿಕೊಂಡು ಬರುತ್ತದೆ. ಅರ್ಧ ಅಡುಗೆ ಆದ ಮೇಲೆ ಅದೇನೆಂದು ತಿಳಿದ ಶಾಕಾಹಾರಿ ಗೃಹಿಣಿಯ ಪಾಡು ಏನು?

ಕಾರಣ ಸಹಿತ ಹೇಳುವುದು ಏನು ಎಂಬುದನ್ನು ನಾನು ಕಲಿತದ್ದು ನಮ್ಮ ಬಿಸಿಯೂಟದ ಅಡುಗೆಯವರಿಂದ. ತತ್ತಿ ಕುದಿಸುವ ಮೊದಲ ವಾರ ಅವರಲ್ಲಿ ಹಿರಿಯಳಾದವಳು ಹೇಳಿದ್ದು ಹೀಗೆ: “ಅಕ್ಕೋರೇ, ಕುದಿಯೋ ನೀರಾಗ ತತ್ತಿ ಬಿಟ್ರ ಒಡೀತಾವ್ರಿ. ತಣ್ಣೀರಾಗಿಂದಾನ ಇಡಬೇಕ್ರಿ. ಇಳಿಸಿದ ಕೂಡ್ಲೆ ಮತ್ತ ತಣ್ಣೀರಾಗ ಹಾಕಿದ್ರ ಸಿಪ್ಪಿ ಚೊಲೋ ಬಿಡ್ತೈತಿ, ಹುಡುಗ್ರ ಕೈಯಾಗ ಅರ್ಧಾ ತತ್ತಿ ಹೋಗಂಗಿಲ್ರಿ.” ಮೂರೇ ಮಾತು. ಏನು ಮಾಡಬೇಕು, ಮಾಡದಿದ್ದರೆ ಏನಾಗುತ್ತದೆ, ಯಾರಿಗಾಗಿ ಮಾಡುತ್ತಿದ್ದೇವೆ, ಎಲ್ಲವೂ ಅದರಲ್ಲಿವೆ. ನಾಲ್ಕು ಅಂಕಣಗಳಲ್ಲಿ ‘ಏಕೆಂದರೆ’ ಎಂಬ ಶಬ್ದಕ್ಕಾಗಿ ಹುಡುಕಿದೆ. ಒಂದು ಕಡೆಯೂ ಸಿಗಲಿಲ್ಲ. ಕಾರಣ ಗೊತ್ತಿದ್ದವಳು ಒಂದು ವಸ್ತು ಇಲ್ಲದಿದ್ದರೆ ಇನ್ನೊಂದನ್ನು ಹುಡುಕಿಕೊಳ್ಳುತ್ತಾಳೆ. ಕಾರಣ ಹೇಳದವರು ಆಕೆಯನ್ನು ಮುಂದಿನ ವಾರದ ಪುರವಣಿಗೆ ಕಾಯುವಂತೆ ಮಾಡುತ್ತಾರೆ. ಕಂಠಪಾಠ ಮಾಡಿಸುವ ಮೇಷ್ಟ್ರುಗಳೂ ಹೀಗೆಯೇ.

ಕೊನೆಗೆ ಓವನ್. ‘180 ಡಿಗ್ರಿಗೆ ಮೊದಲೇ ಕಾಯಿಸಿದ ಓವನ್‌ನಲ್ಲಿ ನಲವತ್ತು ನಿಮಿಷ’ ಎಂದು ಬರೆದು ನಾಲ್ವರೂ ಕೈತೊಳೆದುಕೊಂಡಿದ್ದಾರೆ. ಓವನ್ ಇಲ್ಲದ ಮನೆ ಈ ಪುಟವನ್ನು ಓದುವುದೇ ಇಲ್ಲವೆಂಬಂತೆ. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಷಟ್ಪದಿಯಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲಿ ‘ಮುಚ್ಚಳ ರೊಟ್ಟಿ’ ಎಂಬುದೊಂದಿದೆ. ಕೆಳಗೂ ಕೆಂಡ, ಮೇಲಿನ ಮುಚ್ಚಳದ ಮೇಲೂ ಕೆಂಡ, ನಡುವೆ ರೊಟ್ಟಿ. ಓವನ್ ಎಂದರೆ ಇದೇ ತಾನೆ? ಮಂಗರಸ ಛಂದಸ್ಸಿಗೆ ಕೂಡಿಸಿ ಹೇಳಿದ್ದನ್ನು ಇವರು ಗದ್ಯದಲ್ಲೂ ಹೇಳಲಾರರು.

ನಮ್ಮ ಮನೆಗಳಲ್ಲಿ ಆಗುವ ಕ್ರಮ ಇಷ್ಟು. ದೊಡ್ಡ ಕುಕ್ಕರಿನ ತಳಕ್ಕೆ ಎರಡು ಬೆರಳು ಒಣ ಉಸುಕು ಅಥವಾ ಉಪ್ಪು ಹಾಕಿ, ಅದರ ಮೇಲೊಂದು ಸಿಂಬೆ ಇಟ್ಟು, ಮುಚ್ಚಳದ ರಬ್ಬರು ಮತ್ತು ಸೀಟಿ ಎರಡನ್ನೂ ತೆಗೆದು, ಹತ್ತು ನಿಮಿಷ ಕಾಯಿಸಬೇಕು. ಆಮೇಲೆ ತಟ್ಟೆ ಇಳಿಸಿ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಅಲುಗಿಸಿದರೆ ಅಂಚು ಗಟ್ಟಿಯಾಗಿದ್ದು ನಡುವೆ ಮಾತ್ರ ಗಿಣ್ಣದಂತೆ ತುಸು ನಡುಗಬೇಕು, ಆಗ ತೆಗೆಯಬೇಕು. ಪೂರ್ತಿ ಗಟ್ಟಿಯಾಗಲೆಂದು ಕಾದರೆ ಹೊರಬಂದ ಮೇಲೂ ಒಳಬಿಸಿಗೆ ಬೆಂದು ಒಡೆಯುತ್ತದೆ. ಕುಕ್ಕರಿನಲ್ಲಿ ಮೇಲ್ಭಾಗ ಕೆಂಪಾಗುವುದಿಲ್ಲ. ಕೆಂಪು ಬೇಕೆನ್ನುವವರು ಕಬ್ಬಿಣದ ಹಂಚನ್ನು ಚೆನ್ನಾಗಿ ಕಾಯಿಸಿ, ಇಕ್ಕಳದಲ್ಲಿ ಹಿಡಿದು ಚೀಸಿಗೆ ತಾಕದಂತೆ ಮೇಲೆ ಎರಡು ನಿಮಿಷ ಹಿಡಿದರೆ ಸಾಕು. ಕೊಯ್ಯುವ ಮೊದಲು ಅರ್ಧ ಗಂಟೆ ಬಿಡಿ. ಪುರವಣಿಗಳು ಇದರ ಜೊತೆಗೆ ಸಲಾಡ್ ಹೇಳುತ್ತವೆ. ಮೆಂತ್ಯಪಲ್ಯದ ಕೀಶಿಗೆ ಕೆಂಪುಮೆಣಸಿನಕಾಯಿ ಚಟ್ನಿ, ಹಸಿ ಉಳ್ಳಾಗಡ್ಡಿ ಇಟ್ಟುಕೊಂಡು ನೋಡಿ.