ಪರದೆಯೊಳಗಿನ 'ಮಕ್ಕಳೇ' ಯಾರು?

"ಮಕ್ಕಳೇ, ಈಗ ನಿಮ್ಮ ಮನೆಯ ಫ್ರಿಜ್ಜಿನಿಂದ ಒಂದು ಐಸ್ ತುಂಡು ತಂದು ತಟ್ಟೆಯಲ್ಲಿಡಿ" ಎಂದರು ಪರದೆಯೊಳಗಿನ ಟೀಚರು. ಕೇರಿಯ ಕಟ್ಟೆಯ ಮೇಲೆ ಒಂದೇ ಫೋನಿನ ಸುತ್ತ ತಲೆಗೆ ತಲೆ ತಾಗಿಸಿ ಕೂತಿದ್ದ ಆರು ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಐದನೇ ಕ್ಲಾಸಿನ ಹುಡುಗಿಯೊಬ್ಬಳು ನಮ್ಮ ಕಡೆ ತಿರುಗಿ, "ಅಣ್ಣಾ, ಅವ್ರು ಯಾರಿಗಿ ಹೇಳಾಕತ್ಯಾರ?" ಎಂದು ಕೇಳಿದಳು. ಮೊದಲು ನಾವು ನಕ್ಕೆವು. ಆಮೇಲೆ ನಗಲಿಕ್ಕೆ ಆಗಲಿಲ್ಲ.

ನಾವು ಅಂದರೆ, ಕೇರಿಯಿಂದ ಡಿಗ್ರಿ ಮೆಟ್ಟಿಲು ಹತ್ತಿದ ಮೊದಲ ತಲೆಮಾರಿನ ಕೆಲವರು. ಸಂಜೆ ಹೊತ್ತು ಮಕ್ಕಳನ್ನು ಕೂಡಿಸಿಕೊಂಡು ಪಾಠ ಹೇಳುತ್ತೇವೆ, ನಡುನಡುವೆ ಪದ್ಯ ಬರೆಯುತ್ತೇವೆ. ಶಿಕ್ಷಣತಜ್ಞರಲ್ಲ. ಆದರೆ ಕಥೆ-ಕವಿತೆಗಳನ್ನು ಓದಿ 'ಇದು ಯಾರ ಅನುಭವ, ಯಾರನ್ನು ಉದ್ದೇಶಿಸಿ ಬರೆದದ್ದು' ಎಂದು ಕೇಳುವುದನ್ನು ನಮ್ಮ ಹಿರಿಯರಿಂದ ಕಲಿತಿದ್ದೇವೆ. 1970ರ ದಶಕದಲ್ಲಿ ಅವರು ನವ್ಯದ ಕವಿತೆಯನ್ನು ಎದುರಿಗೆ ನಿಲ್ಲಿಸಿಕೊಂಡು ಇದೇ ಪ್ರಶ್ನೆ ಕೇಳಿದರು. 'ಮನುಷ್ಯನ ಒಂಟಿತನ' ಎಂದಾಗ ಯಾವ ಮನುಷ್ಯ? ಅವನು ಊರೊಳಗಿನವನೋ, ಊರಾಚೆಯವನೋ? ಆ ಐದನೇ ಕ್ಲಾಸಿನ ಹುಡುಗಿ ಕೇಳಿದ್ದೂ ಅದನ್ನೇ. ಡಿಜಿಟಲ್ ಪಾಠವೂ ಒಂದು ಕೃತಿ. ಅದಕ್ಕೂ ಒಬ್ಬ ಕಲ್ಪಿತ ಓದುಗ ಇದ್ದಾನೆ. ಆ ಓದುಗನಿಗೆ ಸ್ವಂತ ಕೋಣೆ ಇದೆ, ಮೇಜಿದೆ, ಫ್ರಿಜ್ಜಿದೆ, 'ಸಹಾಯ ಕೇಳಲು' ಓದಿದ ಅಪ್ಪ-ಅಮ್ಮ ಇದ್ದಾರೆ. ಪಾಠ ಮಾಡಿದವರಿಗೆ ಕೆಟ್ಟ ಉದ್ದೇಶವಿತ್ತು ಎಂದು ನಾವು ಹೇಳುತ್ತಿಲ್ಲ. ಅವರ ಕಣ್ಣಿಗೆ ಬೇರೆ ಮನೆ ಬೀಳಲೇ ಇಲ್ಲ, ಅಷ್ಟೆ. ಆ 'ಅಷ್ಟೆ'ಯ ಬಗ್ಗೆಯೇ ಈ ಬರಹ.

ಯಂತ್ರದ ಮೂಲಕ ಪಾಠ ಎಂಬುದು ನಿನ್ನೆ ಮೊನ್ನೆ ಬಂದದ್ದಲ್ಲ. ನಮ್ಮ ಭಾಗಕ್ಕೆ ಅದು ಬಂದು ಐವತ್ತು ವರ್ಷ ದಾಟಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು, 'ಸೈಟ್' ಎಂಬ ಹೆಸರಿನಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ಪಾಠ ತೋರಿಸಿದರು. ಕರ್ನಾಟಕದಲ್ಲಿ ಆಯ್ದದ್ದು ರಾಯಚೂರು, ಗುಲ್ಬರ್ಗಾ, ವಿಜಾಪುರ ಜಿಲ್ಲೆಗಳನ್ನು. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಊರಿನವರಿಗೆ. ಅದು ತುರ್ತುಪರಿಸ್ಥಿತಿಯ ಕಾಲ ಎಂಬುದನ್ನು ಮರೆಯಬಾರದು. ಸರ್ಕಾರದ ಮಾತು ಆಕಾಶದಿಂದ ನೇರ ಹಳ್ಳಿಗೆ ಬೀಳಬೇಕು, ಹಳ್ಳಿಯ ಮಾತು ಮೇಲಕ್ಕೆ ಹೋಗಲು ದಾರಿ ಬೇಕಿಲ್ಲ ಎಂಬ ಧೋರಣೆ ಅದರ ಒಳಗೇ ಇತ್ತು. ಕನ್ನಡದ ಕಾರ್ಯಕ್ರಮಗಳು ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ. ಒಂದು ವರ್ಷ ಮುಗಿದದ್ದೇ ಉಪಗ್ರಹವನ್ನು ಅದರ ಒಡೆಯರು ವಾಪಸು ಕೊಂಡೊಯ್ದರು. ಒಡೆತನ ಯಾರದ್ದೋ ಅವರದ್ದೇ ಕೊನೆಯ ಮಾತು.

ಇಷ್ಟೆಲ್ಲ ಹೇಳಿದ ಮೇಲೂ 'ಸೈಟ್'ನ ಒಂದು ಸಂಗತಿಯನ್ನು ನಾವು ಒಪ್ಪಲೇಬೇಕು. ಆ ಟಿವಿ ಪೆಟ್ಟಿಗೆ ಯಾರ ಮನೆಯಲ್ಲೂ ಇರಲಿಲ್ಲ. ಊರಿಗೊಂದು ಪೆಟ್ಟಿಗೆ, ಅದೂ ಶಾಲೆಯಂಥ ಸಾರ್ವಜನಿಕ ಜಾಗದಲ್ಲಿ. ಎದುರಿಗೆ ಯಾರು ಮುಂದೆ ಕೂತರು, ಯಾರು ಹಿಂದೆ ನಿಂತರು ಎಂಬ ಪ್ರಶ್ನೆ ಇದ್ದೇ ಇತ್ತು. ಆದರೂ ಆ ಪ್ರಶ್ನೆಯನ್ನು ಬಯಲಲ್ಲಿ ಕೇಳಬಹುದಿತ್ತು, ಜಗಳ ಮಾಡಬಹುದಿತ್ತು. 'ಇದು ಸರ್ಕಾರದ್ದು, ನಮಗೂ ಪಾಲಿದೆ' ಎನ್ನಬಹುದಿತ್ತು.

2020ರ ಮಾರ್ಚಿನಲ್ಲಿ ಕೊರೋನಾ ಬಂದು ಶಾಲೆ ಮುಚ್ಚಿದಾಗ ಯಂತ್ರ ಸಾರ್ವಜನಿಕ ಜಾಗ ಬಿಟ್ಟು ಮನೆಮನೆಯ ಆಸ್ತಿಯಾಗಿತ್ತು. ಇದ್ದವರ ಮನೆಯಲ್ಲಿ ಇತ್ತು, ಇಲ್ಲದವರ ಮನೆಯಲ್ಲಿ ಇರಲಿಲ್ಲ. ಯಾರ ಹತ್ತಿರ ಹೋಗಿ ಜಗಳ ಆಡೋದು? ಅಂಬೇಡ್ಕರರು ಸಾತಾರೆಯ ಶಾಲೆಗೆ ಕೂರಲು ಒಂದು ಗೋಣಿತಟ್ಟನ್ನು ಮನೆಯಿಂದಲೇ ಒಯ್ಯಬೇಕಿತ್ತು, ಸಂಜೆ ಅದನ್ನು ವಾಪಸು ಹೊತ್ತು ತರಬೇಕಿತ್ತು. ಕೂರುವ ಜಾಗವನ್ನು ಮಗು ಮನೆಯಿಂದ ತರಲಿ ಎಂದದ್ದು ಅಂದಿನ ಶಾಲೆ. ಕಲಿಯುವ ಫೋನನ್ನು ಮನೆಯಿಂದ ತರಲಿ ಎಂದದ್ದು 2020ರ ಶಾಲೆ. ಎರಡೂ ಒಂದೇ ಎಂದು ನಾವು ಹೇಳುವುದಿಲ್ಲ, ಅಂಥ ಸಲೀಸು ಹೋಲಿಕೆ ಬೇಡ. ಆದರೆ ಎರಡರಲ್ಲೂ ಶಾಲೆ ತನ್ನ ಹೊಣೆಯನ್ನು ಮಗುವಿನ ಹೆಗಲಿಗೆ ದಾಟಿಸಿದ್ದು ನಿಜ.

ಲೆಕ್ಕ ಬೇಕಾದವರಿಗೆ ಲೆಕ್ಕ ಇದೆ. 2017-18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ ದೇಶದ ಗ್ರಾಮೀಣ ಮನೆಗಳಲ್ಲಿ ಇಂಟರ್ನೆಟ್ ಸೌಲಭ್ಯವಿದ್ದದ್ದು ಶೇ. 14.9ಕ್ಕೆ, ಕಂಪ್ಯೂಟರ್ ಇದ್ದದ್ದು ಶೇ. 4.4ಕ್ಕೆ. ಆಮೇಲೆ ಫೋನುಗಳು ಬೇಗ ಹೆಚ್ಚಾದವು. 2021ರ 'ಅಸರ್' ವರದಿಯಲ್ಲಿ ಗ್ರಾಮೀಣ ಮಕ್ಕಳಲ್ಲಿ ಶೇ. 67.6ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ ಎಂದಿತ್ತು. ಪೇಪರಿನವರು ಇದನ್ನು ದೊಡ್ಡ ಅಕ್ಷರದಲ್ಲಿ ಹಾಕಿದರು. ಅದೇ ವರದಿಯಲ್ಲಿ ಇನ್ನೊಂದು ಮಾತಿತ್ತು: ಮನೆಯಲ್ಲಿ ಫೋನಿದ್ದೂ ಮುಟ್ಟಲು ಸಿಗದ ಮಕ್ಕಳು ಶೇ. 26.1. ಯಾಕೆ ಸಿಗಲ್ಲ ಅಂತ ನಮ್ಮ ಕೇರಿಯಲ್ಲಿ ಕೇಳಿದರೆ ಗೊತ್ತಾಗುತ್ತೆ. "ಫೋನು ಅಪ್ಪನ ಹಂತ್ಯಾಕ ಅದರಿ, ಅಪ್ಪ ಬೆಂಗಳೂರಿಗಿ ದುಡಿಯಾಕ ಹೋಗ್ಯಾನ." ಗುಳೆ ಹೋದ ಅಪ್ಪನ ಕಿಸೆಯಲ್ಲಿ ಮಗುವಿನ ಶಾಲೆಯೂ ಗುಳೆ ಹೋಯಿತು. ಅಪ್ಪ ಊರಲ್ಲಿದ್ದರೂ ಫೋನು ಮೊದಲು ಅಣ್ಣನ ಕೈಗೆ, ಆಮೇಲೆ, ಕರೆಂಟು ಉಳಿದಿದ್ದರೆ, ತಂಗಿಯ ಕೈಗೆ. ಈ ಮಾತನ್ನು ನಾವು ನಮ್ಮ ಮನೆಗಳ ಬಗ್ಗೆಯೇ ಹೇಳಿಕೊಳ್ಳಬೇಕಾಗಿದೆ.

2021ರ ಆಗಸ್ಟಿನಲ್ಲಿ ಕರ್ನಾಟಕವೂ ಸೇರಿದಂತೆ 15 ರಾಜ್ಯ-ಕೇಂದ್ರಾಡಳಿತ ಪ್ರದೇಶಗಳ ಬಡ ವಸತಿಗಳಲ್ಲಿ ಅರ್ಥಶಾಸ್ತ್ರಜ್ಞ ಜ್ಯಾಂ ದ್ರೇಜ್ ಮತ್ತು ಗೆಳೆಯರು ಸುಮಾರು 1400 ಮಕ್ಕಳನ್ನು ಮಾತಾಡಿಸಿದರು. ಹಳ್ಳಿಗಳಲ್ಲಿ ಕ್ರಮವಾಗಿ ಆನ್‌ಲೈನ್ ಕಲಿಯುತ್ತಿದ್ದವರು ಶೇ. 8. ಅದರಲ್ಲೂ ದಲಿತ, ಆದಿವಾಸಿ ಮಕ್ಕಳು ಶೇ. 4, ಉಳಿದ ಮಕ್ಕಳು ಶೇ. 15. ತಂತ್ರಜ್ಞಾನಕ್ಕೆ ಜಾತಿ ಇಲ್ಲ ಎನ್ನುವ ಗೆಳೆಯರು ಈ ನಾಲ್ಕು ಮತ್ತು ಹದಿನೈದರ ನಡುವಿನ ಅಂತರಕ್ಕೆ ಒಂದು ಹೆಸರು ಕೊಡಲಿ, ಕೇಳುತ್ತೇವೆ.

ಆ ಹೊತ್ತಿನಲ್ಲಿ ನಮ್ಮ ರಾಜ್ಯ ಮಾಡಿದ 'ವಿದ್ಯಾಗಮ' ಒಂದು ಒಳ್ಳೆಯ ಯೋಚನೆ. ಮಕ್ಕಳು ಶಾಲೆಗೆ ಬರಲಾಗದಿದ್ದರೆ ಮೇಷ್ಟ್ರೇ ಮಕ್ಕಳ ಬಳಿ ಹೋಗಲಿ ಎಂಬುದು ಮನುಷ್ಯರು ಯೋಚಿಸುವ ರೀತಿ. 2020ರ ಆಗಸ್ಟಿನಲ್ಲಿ ಶುರುವಾಗಿ, ಸೋಂಕು ಹಬ್ಬಿದ ಕಾರಣಕ್ಕೆ ಅಕ್ಟೋಬರಿನಲ್ಲಿ ನಿಂತಿತು. ಅದರ ಎರಡು ವಿವರಗಳನ್ನು ವಿಮರ್ಶಕರು ಯಾರೂ ಸರಿಯಾಗಿ ಓದಲಿಲ್ಲ ಎಂಬುದು ನಮ್ಮ ದೂರು. ಒಂದು, ಮಕ್ಕಳನ್ನು ಮೂರು ಪಟ್ಟಿ ಮಾಡಿದ್ದು: ಇಂಟರ್ನೆಟ್ ಇರುವ ಫೋನಿನವರು, ಬರೀ ಫೋನಿನವರು, ಏನೂ ಇಲ್ಲದವರು. ಪಟ್ಟಿ ಮಾಡದೆ ಕೆಲಸ ಆಗಲ್ಲ, ಒಪ್ಪೋಣ. ಆದರೆ ಮೂರನೆಯ ಪಟ್ಟಿಯಲ್ಲಿ ಯಾವ ಓಣಿಯ ಹೆಸರುಗಳು ತುಂಬಿದ್ದವು ಎಂಬುದು ಬರೆದ ಮೇಷ್ಟ್ರಿಗೆ ಗೊತ್ತು. ಇನ್ನೊಂದು, ಪಾಠ ನಡೆದ ಜಾಗ. ಗುಡಿಯ ಪ್ರಾಂಗಣ, ಅರಳಿಕಟ್ಟೆ, ಸಮುದಾಯ ಭವನ, ಮನೆಯ ಪಡಸಾಲೆ. ಶಾಲೆಯ ಕೋಣೆಗೆ ಕಾನೂನಿದೆ. ಗುಡಿಯ ಕಟ್ಟೆಗೆ ಊರಿನ ಕಟ್ಟಳೆ ಇದೆ. ಕೇರಿಯ ಮಗು ಆ ಕಟ್ಟೆ ಹತ್ತಿ ಕೂತಿತೋ, ಕೆಳಗೆ ನೆರಳಲ್ಲಿ ನಿಂತಿತೋ, ಅಥವಾ ಆ ಮೇಷ್ಟ್ರು ಕೇರಿಗೂ ಬಂದು ಕೂತರೋ? ಬಂದು ಕೂತ ಮೇಷ್ಟ್ರುಗಳೂ ಇದ್ದರು. ಅಂಥವರಿಗೆ ನಮ್ಮ ನಮಸ್ಕಾರ. ಕೇರಿಯೊಳಗೆ ಸರ್ಕಾರಿ ಮೇಷ್ಟ್ರು ಚಾಪೆ ಹಾಕಿ ಕೂತದ್ದನ್ನು ನೋಡಿದ ಮುದುಕಿಯರ ಮುಖ ಯಾವ ವಿಡಿಯೋದಲ್ಲೂ ಬಂದಿಲ್ಲ.

ಇನ್ನು ಭಾಷೆ. ಪಠ್ಯಪುಸ್ತಕದಲ್ಲಿ ಚೌಕದ ಗುರುತು ಹಾಕಿ, ಅದನ್ನು ಫೋನಿಗೆ ತೋರಿಸಿದರೆ ಪಾಠ ತೆರೆಯುವ ವ್ಯವಸ್ಥೆ 2017ರಿಂದ ಇದೆ. ಅದರ ಹೆಸರು 'ದೀಕ್ಷಾ'. ಯಾರಿಗೆ ದೀಕ್ಷೆ ಕೊಡುತ್ತಿದ್ದರು, ಯಾರಿಗೆ ಕೊಡುತ್ತಿರಲಿಲ್ಲ ಎಂಬುದನ್ನು ನಮ್ಮ ಓದುಗರಿಗೆ ವಿವರಿಸಬೇಕಿಲ್ಲ. ಹೆಸರನ್ನು ಬಿಡೋಣ. ನಾವು ಕೇರಿಯ ಮಕ್ಕಳ ಜೊತೆ ಕೂತು ನೋಡಿದ ಹಲವು ಪಾಠಗಳ ಕನ್ನಡ, ಇಂಗ್ಲಿಷಿನಲ್ಲಿ ಯೋಚಿಸಿ ಗ್ರಂಥದಲ್ಲಿ ಅದ್ದಿ ತೆಗೆದ ಕನ್ನಡ. 'ದ್ಯುತಿಸಂಶ್ಲೇಷಣೆ' ಎಂದು ಅಂದವಾಗಿ ಉಚ್ಚರಿಸುತ್ತಾರೆ, ಎಲೆಯ ಮೇಲೆ ಬಿಸಿಲು ಬಿದ್ದರೆ ಏನಾಗುತ್ತದೆ ಎಂದು ಜೋಳದ ಹೊಲದಲ್ಲಿ ದಿನವೆಲ್ಲ ನಿಂತ ಹುಡುಗನನ್ನು ಒಂದು ಮಾತು ಕೇಳುವುದಿಲ್ಲ. ಕೇಳಲು ಆ ಯಂತ್ರಕ್ಕೆ ಕಿವಿಯಿಲ್ಲ. ಈಗ ಮಾತಾಡಿದರೆ ಉತ್ತರ ಕೊಡುವ ಯಂತ್ರಗಳೂ ಬಂದಿವೆ. ಆ ಹುಡುಗಿ ತನ್ನ ಮಾತಲ್ಲೇ ಕೇಳಿ ನೋಡಿದಳು. ಅದು ಏನೋ ತಪ್ಪು ಕೇಳಿಸಿಕೊಂಡು ಶುದ್ಧ ಗ್ರಾಂಥಿಕದಲ್ಲಿ ಉತ್ತರ ಕೊಟ್ಟಿತು. "ಇದೂ ಸಾಲಿ ಮಾಸ್ತರಂಗೇ ಮಾತಾಡ್ತದ" ಎಂದಳು.

ಹಾಗಾದರೆ ಯಂತ್ರವೇ ಬೇಡವೆ? ನಮ್ಮವರಲ್ಲೇ ಕೆಲವರು ಹಾಗೆ ಹೇಳುತ್ತಾರೆ. ಇದೆಲ್ಲ ಬಂಡವಾಳಶಾಹಿಯ ಹುನ್ನಾರ, ಕರಿಹಲಗೆ ಸೀಮೆಸುಣ್ಣವೇ ಸಾಕು ಎನ್ನುತ್ತಾರೆ. ಹುನ್ನಾರ ಇಲ್ಲವೆಂದಲ್ಲ. ಟ್ಯಾಬ್ ಮಾರಲು ಬಂದವನು ಕಂತಿನ ಕಾಗದಕ್ಕೆ ಕೂಲಿಯವರ ಹೆಬ್ಬೆಟ್ಟು ಒತ್ತಿಸಿಕೊಂಡು ಹೋದದ್ದನ್ನು ಕಣ್ಣಾರೆ ಕಂಡಿದ್ದೇವೆ. ಆದರೆ ಆ ಗೆಳೆಯರೊಂದಿಗೆ ನಾವು ಜಗಳಕ್ಕೆ ನಿಲ್ಲುತ್ತೇವೆ. 1945ರಲ್ಲಿ ಬಂದ, ಕಾಂಗ್ರೆಸ್ಸೂ ಗಾಂಧಿಯೂ ಅಸ್ಪೃಶ್ಯರಿಗೆ ಮಾಡಿದ್ದೇನು ಎಂದು ವಿಚಾರಿಸುವ ಪುಸ್ತಕದಲ್ಲಿ ಅಂಬೇಡ್ಕರರು ಯಂತ್ರದ ಪರ ನಿಂತು ವಾದಿಸಿದ್ದಾರೆ. ಕೆಡುಕು ಯಂತ್ರದಲ್ಲಿಲ್ಲ, ಅದರ ಫಲವನ್ನು ಕೆಲವರೇ ಬಾಚಿಕೊಳ್ಳುವ ಸಮಾಜದ ಕಟ್ಟಡದಲ್ಲಿದೆ. ದುಡಿಯುವವನಿಗೆ ಬಿಡುವು ಸಿಗಬೇಕಾದರೆ, ಬಿಡುವಿನಿಂದ ಅರಿವು ಸಿಗಬೇಕಾದರೆ ಯಂತ್ರ ಬೇಕು ಎಂಬುದು ಅವರ ವಾದದ ಸಾರ. ನಮ್ಮಲ್ಲಿ ಎಷ್ಟು ಜನ ಅಂಬೇಡ್ಕರರ ಸಂಪುಟಗಳನ್ನು ಮೊದಲು ಓದಿದ್ದು ಗ್ರಂಥಾಲಯದಲ್ಲಿ? ಒಡೆದ ಗಾಜಿನ ಫೋನಿನಲ್ಲಿ, ಯಾರೋ ಕಳಿಸಿದ ಪಿಡಿಎಫ್ ಬೆರಳಲ್ಲಿ ಹಿಗ್ಗಿಸಿಕೊಂಡು ಹಾಸ್ಟೆಲಿನ ರಾತ್ರಿಗಳಲ್ಲಿ ಓದಿದವರು ನಾವು. ಆ ಯಂತ್ರವನ್ನು ಬೈದು ಕೂತರೆ ಕೃತಘ್ನರಾಗುತ್ತೇವೆ.

ಅದೇ ಐಸ್ ತುಂಡಿನ ಪಾಠವನ್ನು ಹತ್ತಿರದ ಊರಿನ ಮೇಷ್ಟ್ರೊಬ್ಬರು ಬಳಸಿದ್ದನ್ನು ನಾವು ನೋಡಿದೆವು. ಪೇಟೆಯಲ್ಲಿ ನೆಟ್‌ವರ್ಕ್ ಸಿಕ್ಕಾಗ ಇಳಿಸಿಕೊಂಡು ಮೆಮೊರಿ ಕಾರ್ಡಿನಲ್ಲಿ ತಂದಿದ್ದರು. ಎರಡು ನಿಮಿಷ ತೋರಿಸಿದರು, ನಿಲ್ಲಿಸಿದರು. "ಫ್ರಿಜ್ ಯಾರ ಮನ್ಯಾಗ ಅದ?" ಯಾರೂ ಕೈ ಎತ್ತಲಿಲ್ಲ. "ಹಂಗಾದ್ರ ನಿಮ್ಮನ್ಯಾಗ ಏನ್ ಕರಗ್ತದ, ಏನ್ ಗಟ್ಟಿ ಆಗ್ತದ?" ಬೆಲ್ಲದ ಪಾಕ ಎಂದಿತು ಒಂದು ಮಗು. ಚಳಿಗಾಲದ ಕೊಬ್ಬರಿ ಎಣ್ಣೆ ಎಂದಿತು ಇನ್ನೊಂದು. ಚಪ್ಪಲಿ ಹೊಲಿಯುವ ಮನೆಯ ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದು, ದಾರಕ್ಕೆ ಹಚ್ಚುವ ಮೇಣ ಎಂದ. ಮೇಷ್ಟ್ರು ಹೌದಪ್ಪಾ ಎಂದು ಅದನ್ನೇ ಹಲಗೆಯ ಮೇಲೆ ಮೊದಲು ಬರೆದರು. ಆಮೇಲೆ ಮತ್ತೆ ವಿಡಿಯೋ ಹಾಕಿ, ನೀರಿನ ಕಣಗಳು ಹೇಗೆ ಸರಿದಾಡುತ್ತವೆ ಎಂಬ ಚಿತ್ರ ತೋರಿಸಿದರು. ಆ ಚಿತ್ರವನ್ನು ಸೀಮೆಸುಣ್ಣದಲ್ಲಿ ಹಾಗೆ ಚಲಿಸುವಂತೆ ತೋರಿಸಲು ಆಗದು. ಯಂತ್ರದ ಕೆಲಸ ಅಷ್ಟು, ಮೇಷ್ಟ್ರ ಕೆಲಸ ಅಷ್ಟು. ಮಗುವಿನ ಮನೆಯ ಮೇಣ ವಿಜ್ಞಾನದೊಳಗೆ ಬಂದದ್ದು ಇವೆರಡರ ನಡುವಿನ ನಿಲುಗಡೆಯಲ್ಲಿ. ವಿಡಿಯೋವನ್ನು ಎಲ್ಲಿ ನಿಲ್ಲಿಸಬೇಕು ಎಂದು ಗೊತ್ತಿರುವವನು ಮೇಷ್ಟ್ರು.

ಇಂಥ ಮೇಷ್ಟ್ರ ಹೊತ್ತನ್ನು ಈಗ ತಿನ್ನುತ್ತಿರುವುದೂ ಅದೇ ಫೋನು. ಹಾಜರಿ ಏರಿಸು, ಬಿಸಿಯೂಟದ ಲೆಕ್ಕ ಏರಿಸು, ಮೊಟ್ಟೆ ಕೊಟ್ಟ ಫೋಟೋ ಕಳಿಸು. ಇದನ್ನು ಹಳ್ಳಿಯ ಶಿಕ್ಷಕ ಓದುಗರಿಗೆ ನಾವು ಹೇಳಿಕೊಡಬೇಕಿಲ್ಲ.

2023ರಲ್ಲಿ ಯುನೆಸ್ಕೋ ವರದಿಯೊಂದು ಪೆರು ದೇಶದ ಉದಾಹರಣೆ ಕೊಟ್ಟಿತು. ಅಲ್ಲಿ ಹತ್ತು ಲಕ್ಷಕ್ಕೂ ಮೀರಿ ಲ್ಯಾಪ್‌ಟಾಪ್ ಹಂಚಿದರು, ಕಲಿಸುವ ಕ್ರಮಕ್ಕೆ ಅದನ್ನು ಹೊಂದಿಸಲಿಲ್ಲ, ಕಲಿಕೆ ಮೇಲೇಳಲಿಲ್ಲ. ಹಂಚಿಕೆಯ ಫೋಟೋಗಳು ಮಾತ್ರ ಎಲ್ಲ ದೇಶದಲ್ಲೂ ಒಂದೇ ಥರ ಇರುತ್ತವೆ.

ನಮಗೆ ಬೇಕಿರುವುದು ಹಂಚಿಕೆ ಅಲ್ಲ, ಪಾಲು. ಯಂತ್ರ ಮತ್ತೆ ಸಾರ್ವಜನಿಕ ಜಾಗಕ್ಕೆ ಬರಲಿ. ಗ್ರಾಮ ಪಂಚಾಯ್ತಿಯ ಗ್ರಂಥಾಲಯಗಳಿಗೆ ನಮ್ಮ ರಾಜ್ಯದಲ್ಲಿ ಈಗ 'ಅರಿವು ಕೇಂದ್ರ' ಎಂದು ಹೆಸರಿಟ್ಟು ಕಂಪ್ಯೂಟರ್ ಕೊಡುತ್ತಿದ್ದಾರೆ. ಒಳ್ಳೆಯದು. ಅದರ ಬೀಗದ ಕೈ ಯಾರ ಹತ್ತಿರ ಇರುತ್ತದೆ? ಕೂಲಿಯಿಂದ ಬಂದ ಹುಡುಗಿ ಸಂಜೆ ಏಳಕ್ಕೆ ಹೋದರೆ ತೆರೆದಿರುತ್ತದೆಯೆ? ಆ ಕಟ್ಟಡ ಊರ ನಡುವಿದ್ದರೆ ಕೇರಿಯಿಂದ ಅಲ್ಲಿಗೆ ಅವಳು ಒಬ್ಬಳೇ ನಡೆದು ಹೋಗಬಹುದೆ? ಪ್ರತಿ ಊರಿನ ಸಂಘಟನೆಯ ಗೆಳೆಯರು ಮೊದಲು ಈ ಮೂರು ಪ್ರಶ್ನೆಗಳಿಗೆ ತಮ್ಮ ಊರಿನ ಉತ್ತರ ಹುಡುಕಿದರೆ ಸಾಕು.

ನಮ್ಮ ಕೇರಿಯ ಆ ಹುಡುಗಿ ಈಗ ಫೋನಿನಲ್ಲಿ ತನ್ನ ಅಜ್ಜಿಯ ಮಾತು ಹಿಡಿದಿಡುತ್ತಿದ್ದಾಳೆ. ರಾಶಿಯ ಕಣದಲ್ಲಿ ಬಳಸುವ ಹೆಸರುಗಳು, ಜೋಳದ ಜಾತಿಗಳು, ಜೀತಕ್ಕಿದ್ದ ಅಜ್ಜನ ವರ್ಷಗಳ ಲೆಕ್ಕ. ಹದಿನಾರು ತುಣುಕುಗಳಾಗಿವೆ. ಯಾರ ಹೊಲದಲ್ಲಿ ಜೀತ ಎಂದು ಅಜ್ಜಿ ಹೇಳುವಾಗ ಮಾತ್ರ "ಇದನ್ನ ಬಂದ್ ಮಾಡು" ಎನ್ನುತ್ತಾಳಂತೆ.

ಶಿಕ್ಷಕ ಗೆಳೆಯರು ಮುಂದಿನ ಸಂಚಿಕೆಗೆ ಬರೆಯಬೇಕು. ನಿಮ್ಮ ತರಗತಿಯಲ್ಲಿ ಯಾವ ವಿಡಿಯೋ, ಎಲ್ಲಿ ನಿಲ್ಲಿಸಿದಿರಿ, ಆಗ ಮಕ್ಕಳು ಏನಂದರು. ಒಂದು ಪುಟವಾದರೂ ಸಾಕು. ಫೋನು ಯಾರ ಕೈಯಲ್ಲಿತ್ತು ಎಂಬುದನ್ನು ಮರೆಯದೆ ಬರೆಯಿರಿ.